ಆರುನೂರಾ ಐವತ್ತು ವ್ಯಾಟಿನ ಹಗುರ ಡಬ್ಬಿ

೨೦೨೨ರ ನವೆಂಬರ್ ೧೭, ಗುರುವಾರ. ಆಧಾರ: ಆ ವರ್ಷದ ನನ್ನ ದಿನಚರಿ. ಅಲ್ಲಿ ನಾಲ್ಕು ವಾಕ್ಯಗಳಿವೆ: “ಮೂಡಲಗಿಗೆ ಹೋಗಿ ಬಂದೆ. ಕಂಪ್ಯೂಟರಿನ ಜೋಡಣೆ ಮುಗಿಯಿತು. ಬಿಡಿಭಾಗಗಳ ಆಯ್ಕೆ ತೃಪ್ತಿಕರ. ಸಂಜೆಯ ಬಸ್ಸಿಗೆ ಗೋಕಾಕ.” ಮೊದಲ ಎರಡು ವಾಕ್ಯಗಳೂ ಕೊನೆಯದೂ ನಿಜ; ಬಸ್ಸಿನ ಟಿಕೆಟನ್ನು ಅದೇ ಪುಟಕ್ಕೆ ಅಂಟಿಸಿಟ್ಟಿದ್ದೇನೆ. ಈ ಬರಹ ಮೂರನೆಯ ವಾಕ್ಯದ ಕುರಿತಾದದ್ದು.

ನಾನು ವೃತ್ತಿಯಿಂದ ಸಂಶೋಧಕನಾಗಿದ್ದವನು. ಹಳೆಯ ಕಡತಗಳ, ಊರ ದಫ್ತರಗಳ ಕಾಲನಿರ್ಣಯ ನನ್ನ ಕೆಲಸ. ಒಂದು ತಾರೀಖನ್ನು ಒಪ್ಪುವ ಮೊದಲು ಎರಡು ಸ್ವತಂತ್ರ ಆಧಾರಗಳನ್ನಾದರೂ ನೋಡಬೇಕು, ಬಾಯಿಮಾತಿಗಿಂತ ಬರಹ ಮೇಲು, ಬರಹದಲ್ಲಿಯೂ ಘಟನೆಗೆ ಹತ್ತಿರದ ಬರಹ ಮೇಲು ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದೆ. ನಿವೃತ್ತಿಯ ನಂತರ ಗೋಕಾಕದಲ್ಲಿ ನೆಲೆಸಿ, ಹುಕ್ಕೇರಿ ತಾಲೂಕಿನ ಹಳೆಯ ಬಾವಿಗಳ ನೀರಿನ ಪಾಳಿಯ ಬಗ್ಗೆ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸತೊಡಗಿದೆ. ಯಾವ ಮನೆತನಕ್ಕೆ ಯಾವ ವಾರ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ನೀರು ಎಂಬುದು ಯಾವ ದಫ್ತರದಲ್ಲಿಯೂ ಇಲ್ಲ. ಅದು ಇದ್ದದ್ದು ಕೆಲವು ಮುದುಕರ, ಮುದುಕಿಯರ ಬಾಯಲ್ಲಿ ಮಾತ್ರ. ಬಾಯಿಮಾತನ್ನು ಇಷ್ಟು ತಡವಾಗಿ ಅರಸಿ ಹೊರಟದ್ದಕ್ಕೆ ಆಗಲೇ ಸ್ವಲ್ಪ ಸಂಕೋಚವಿತ್ತು.

ಹಳೆಯ ಲ್ಯಾಪ್‌ಟಾಪು ತುಂಬಿಹೋಗಿತ್ತು. ಹತ್ತು ವರ್ಷ ಕೆಡದೆ ನಡೆಯುವಂಥ ಒಂದು ಡೆಸ್ಕ್‌ಟಾಪನ್ನು, ಒಂದೊಂದೇ ಭಾಗವನ್ನು ಆರಿಸಿ, ಜೋಡಿಸಿಕೊಳ್ಳಬೇಕೆಂದು ನಿಶ್ಚಯಿಸಿದೆ. ಆ ಆಯ್ಕೆಗೆ ನಾನು ತೆಗೆದುಕೊಂಡ ಶ್ರಮವನ್ನು ಈಗ ನೋಡಿದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಹಸ್ತಪ್ರತಿಗಳ ಪಾಠಗಳನ್ನು ಹೋಲಿಸುವಾಗ ಹಾಕುವಂಥ ಕೋಷ್ಟಕವನ್ನೇ ಹಾಕಿದೆ. ಎಡಕ್ಕೆ ಬಿಡಿಭಾಗ: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮತ್ತು ಗೋಡೆಯ ಕರೆಂಟನ್ನು ಇವೆಲ್ಲಕ್ಕೂ ಪಳಗಿಸಿ ಹಂಚುವ ತಗಡಿನ ಡಬ್ಬಿಯಾದ ಎಸ್‌ಎಂಪಿಎಸ್. ಬಲಕ್ಕೆ ಅಂತರ್ಜಾಲದಲ್ಲಿ ಓದಿದ ವಿಮರ್ಶೆ, ಅದರ ತಾರೀಖು, ನಾನು ಓದಿದ ತಾರೀಖು. ಬಹುಪಾಲು ಆಯ್ಕೆಗಳು ತಪ್ಪಾಗಿರಲಿಲ್ಲ. ಕ್ಯಾಬಿನೆಟ್ಟಿನ ತಗಡು ಬೆರಳಿನಿಂದ ಒತ್ತಿದರೆ ಬಾಗಬಾರದು, ಅಂಚು ಕೈ ಕುಯ್ಯಬಾರದು, ಗಾಳಿ ಬರುವ ಕಡೆ ತೊಳೆಯಲು ಬರುವ ಜಾಳಿಗೆ ಇರಬೇಕು (ಕಬ್ಬು ನುರಿಯುವ ತಿಂಗಳುಗಳಲ್ಲಿ ನಮ್ಮಲ್ಲಿ ಕರಿ ಬೂದಿ ಕಿಟಕಿಯಲ್ಲಿ ಬಂದು ಕೂರುತ್ತದೆ) ಎಂದೆಲ್ಲ ಬರೆದುಕೊಂಡಿದ್ದೆ. ಎಸ್‌ಎಂಪಿಎಸ್ಸಿನ ಸಾಲಿನಲ್ಲಿ ಮಾತ್ರ, ಆರುನೂರಾ ಐವತ್ತು ವ್ಯಾಟ್ ಎಂದು ಮೇಲೆ ಅಚ್ಚಾಗಿದ್ದ ಒಂದು ಡಬ್ಬಿಯ ಎದುರು “ಮೂರು ಆಧಾರಗಳು, ಮೂರೂ ಒಮ್ಮತ” ಎಂದು ಬರೆದು ಕೆಂಪು ಗೆರೆ ಎಳೆದಿದ್ದೆ.

ಆ ಮೂರು ಜಾಲತಾಣಗಳೂ ತಯಾರಕರ ಜಾಹೀರಾತನ್ನೇ ನಕಲು ಮಾಡಿದ್ದವು. ಅದೇ ವಾಕ್ಯಗಳು, ಅದೇ ಕ್ರಮ. ಒಂದೇ ಮೂಲದಿಂದ ಇಳಿದ ಮೂರು ಪ್ರತಿಗಳು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಈ ತಪ್ಪಿಗಾಗಿ ಒಮ್ಮೆ ಒಬ್ಬ ವಿದ್ಯಾರ್ಥಿಯ ಪ್ರಬಂಧವನ್ನು ನಾನು ತಿರುಗಿ ಕಳಿಸಿದ್ದೆ. ನನ್ನದೇ ಕೋಷ್ಟಕದಲ್ಲಿ ಅದು ನನಗೆ ಕಾಣಲಿಲ್ಲ.

ಜೋಡಿಸುವವರು ಮೂಡಲಗಿಯವರು. ನನ್ನ ಹಳೆಯ ಯಂತ್ರವನ್ನು ಎರಡು ಸಲ ದುರಸ್ತಿ ಮಾಡಿಕೊಟ್ಟಿದ್ದರಿಂದ ಪರಿಚಯ. ಐವತ್ತು ದಾಟಿದ ಮನುಷ್ಯ. ಮೊದಲು ಹೊಲದ ಪಂಪ್‌ಸೆಟ್ಟುಗಳ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು, ಆಮೇಲೆ ಕಂಪ್ಯೂಟರ್ ಕಲಿತರು. ಅಂಗಡಿಯ ಅರ್ಧ ಭಾಗದಲ್ಲಿ ಈಗಲೂ ಮೋಟಾರುಗಳು, ಮೊಳೆಗೆ ನೇತುಹಾಕಿದ ತಾಮ್ರದ ಸುರುಳಿಗಳು, ವಾರ್ನಿಷಿನ ವಾಸನೆ. ಇನ್ನರ್ಧದಲ್ಲಿ ಮೇಜು, ಮಾನಿಟರು, ಸಣ್ಣ ಸ್ಕ್ರೂಗಳ ಡಬ್ಬಿಗಳು. ಆ ಗುರುವಾರ ಅವರು ನನ್ನ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಸರ, ಎಲ್ಲಾ ಚಲೋ ಆರಿಸೀರಿ. ಮದರ್‌ಬೋರ್ಡ್ ಅಂತೂ ಭಾರಿ ಆತು. ಇದೊಂದು ಡಬ್ಬಿ ಬ್ಯಾಡ್ರಿ.”

“ಯಾಕ?”

ಅವರು ಕನ್ನಡಕ ತೆಗೆದಿಟ್ಟರು. ನಾನು ಹೇಳಿ ತರಿಸಿದ್ದ ಡಬ್ಬಿಯನ್ನು ನನ್ನ ಎಡಗೈಯಲ್ಲಿಟ್ಟರು. ಕಪಾಟಿನಿಂದ ನಾಲ್ಕುನೂರಾ ಐವತ್ತು ವ್ಯಾಟಿನ ಇನ್ನೊಂದನ್ನು ತೆಗೆದು ಬಲಗೈಯಲ್ಲಿಟ್ಟರು. ಬಲಗೈ ಕೆಳಕ್ಕೆ ಜಗ್ಗಿತು.

“ಎಡಗೈಯಾಗಿಂದು ಹಗುರ ಐತಿ, ಹೌದಿಲ್ರಿ? ಅದರೊಳಗ ಏನೂ ಇಲ್ಲ. ತಾಂಬ್ರ ಕಮ್ಮಿ, ಬಿಸಿ ಹೀರೂ ಪಟ್ಟಿನೂ ತೆಳುವು.”

“ಬಿಚ್ಚಿ ನೋಡೀರೇನು?”

“ಬಿಚ್ಚೂದ್ಯಾಕ್ರಿ? ಇಷ್ಟು ವರ್ಷ ಮೋಟಾರ್ ಸುತ್ತೇನಿ. ತಾಂಬ್ರ ಎಷ್ಟೈತಿ ಅನ್ನೂದು ಕೈಗೆ ಗೊತ್ತಾಕ್ಕೈತಿ.”

“ಇದರ ಮ್ಯಾಲೆ ಆರುನೂರಾ ಐವತ್ತು ಅಂತ ಬರದಾರ. ನಿಮ್ಮದರ ಮ್ಯಾಲೆ ನಾಕನೂರಾ ಐವತ್ತು.”

“ಬರಿಯೂದಕ್ಕೇನ್ರಿ ಸರ? ನಾನೂ ಈ ಸ್ಟೂಲಿನ ಮ್ಯಾಲೆ ಹತ್ತು ಎಚ್‌ಪಿ ಅಂತ ಬರೀತೇನಿ. ಹೊಲಕ್ಕ ನೀರ ಹಾಯ್ತಾವೇನು?”

ಬಾಗಿಲಲ್ಲಿ ತನ್ನ ಸುಟ್ಟ ಮೋಟಾರಿನ ಮೇಲೆಯೇ ಕುಳಿತಿದ್ದ ರೈತನೊಬ್ಬ ಜೋರಾಗಿ ನಕ್ಕ. “ಬರಿ ಅಣ್ಣಾ, ಬರಿ! ನಂದು ಆಗೂತನಕ ಆ ಸ್ಟೂಲ್ ಒಯ್ದು ಬಾವ್ಯಾಗ ಇಳಸ್ತೇನಿ.”

ಆ ನಗುವೇ ನನ್ನನ್ನು ಕೆಡಿಸಿತು. ಅದುವರೆಗೆ ನಾನು ಅರ್ಧ ಒಪ್ಪಿದ್ದೆ; ಕೈಯ ಭಾರ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಒಬ್ಬ ರೈತನೆದುರು, ಒಬ್ಬ ಕುಶಲಕರ್ಮಿಯ ಎದುರು, ನನ್ನ ಕೋಷ್ಟಕ ನಗೆಪಾಟಲಾದದ್ದನ್ನು ತಾಳಿಕೊಳ್ಳುವ ಗುಣ ನನ್ನಲ್ಲಿರಲಿಲ್ಲ. ಕಾಗದ ತೆಗೆದು ಮೂರು ಆಧಾರಗಳನ್ನೂ ಅವುಗಳ ತಾರೀಖಿನೊಂದಿಗೆ ಗಟ್ಟಿಯಾಗಿ ಓದಿದೆ. ಓದಿ, “ತೂಗಿ ನೋಡಿ ತಗೊಳ್ಳಾಕ ಇದೇನ್ ಬದನಿಕಾಯಿ ಏನ್ರಿ?” ಎಂದೆ.

ಅವರ ಮುಖದ ನಗು ನಿಂತಿತು. “ಹಂಗಾದ್ರ ಚೀಟಿ ಬರದು ಕೊಡ್ರಿ,” ಎಂದರು.

ಚೀಟಿ ಅವರ ಅಂಗಡಿಯ ಪದ್ಧತಿ. ಮೋಟಾರಿಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯನ್ನೇ ಸುತ್ತು ಎಂದು ಯಾರಾದರೂ ಹಟ ಹಿಡಿದರೆ, ಅವರು ಎರಡು ಸಲ ಬೇಡ ಎನ್ನುತ್ತಿದ್ದರು. ಮೂರನೆಯ ಸಲ ಗಿರಾಕಿ ತನ್ನ ಕೈಯಿಂದಲೇ “ನಾನೇ ಹೇಳಿದ್ದು” ಎಂದು ಬರೆದು ಕೊಡಬೇಕು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು. ಆ ಚೀಟಿಗಳನ್ನು ಒಂದು ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರು. “ನಿಮ್ಮಂಥಾರಿಗೆ ಕೇಳೂದು ಸರಿ ಅಲ್ರಿ. ಆದ್ರ ದುಕಾನಿನ ಪದ್ಧತಿ ಎಲ್ಲಾರಿಗೂ ಒಂದ.” ನಾನು ನನ್ನ ಅತ್ಯುತ್ತಮ ಅಕ್ಷರಗಳಲ್ಲಿ, “ಎಸ್‌ಎಂಪಿಎಸ್ ನನ್ನ ಸ್ವಂತ ಆಯ್ಕೆ” ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಅವರು ಯಂತ್ರವನ್ನು ಶ್ರದ್ಧೆಯಿಂದ ಜೋಡಿಸಿಕೊಟ್ಟರು. ಒಳಗಿನ ತಂತಿಗಳನ್ನು ಅಚ್ಚುಕಟ್ಟಾಗಿ ಕಟ್ಟಿ, ಗಾಳಿಯ ದಾರಿ ಬಿಟ್ಟು, ಕೊನೆಗೆ ಕ್ಯಾಬಿನೆಟ್ಟನ್ನು ತಾವೇ ಹೊತ್ತು ತಂದು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿರಿಸಿದರು.

ಅದೇ ಡಿಸೆಂಬರಿನ ೬, ೧೩ ಮತ್ತು ೨೦ರಂದು, ಮೂರೂ ಮಂಗಳವಾರ, ಬೆಲ್ಲದ ಬಾಗೇವಾಡಿಯಲ್ಲಿ ಒಬ್ಬ ಹಿರಿಯಳ ಮಾತುಗಳನ್ನು ಧ್ವನಿಮುದ್ರಿಸಿಕೊಂಡೆ. ಎಂಬತ್ತು ದಾಟಿದವಳು. ಅವಳ ಮಗಳು ಹುಕ್ಕೇರಿಯ ಒಂದು ಖಾಸಗಿ ಶಾಲೆಯ ಮುಖ್ಯಾಧ್ಯಾಪಕಿ. ನನ್ನನ್ನು ಕಾಕಾ ಎಂದು ಕರೆಯುತ್ತಾಳೆ. ಮುದುಕಿ ತನ್ನ ಗಂಡನ ಮನೆಯ ಬಾವಿಯ ಏಳು ಪಾಳಿಗಳನ್ನು, ಅವುಗಳ ಜಗಳಗಳನ್ನು, ಜಗಳ ಬಗೆಹರಿಸಿದ ಹೆಂಗಸರನ್ನು ಒಂದೊಂದಾಗಿ ಹೇಳಿದಳು. ಗಂಡಸರು ಪಾಳಿ ಮುರಿದಾಗ ಹೆಂಗಸರು ಕೊಡಗಳನ್ನು ಬಾವಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಕೂತುಬಿಡುತ್ತಿದ್ದರಂತೆ. ಬೇರೆ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನಡುವೆ ನನ್ನ ರಿಕಾರ್ಡರಿನ ಕಡೆಗೆ ಗದ್ದ ಎತ್ತಿ, “ತಮ್ಮಾ, ಇದು ಎಲ್ಲಾ ಕೇಳಸ್ಕೊಳ್ತೈತೇನೋ? ಹಂಗಾರ ಬೈಗಳ ಬಿಟ್ಟು ಹೇಳ್ತೇನಿ,” ಎಂದಳು. ಬಿಡಲಿಲ್ಲ; ಎಲ್ಲ ಬೈಗುಳಗಳನ್ನೂ ಸೇರಿಸಿಯೇ ಹೇಳಿದಳು.

ಪ್ರತಿ ಮಂಗಳವಾರ ಮನೆಗೆ ಬಂದು ಧ್ವನಿಯನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಂಡೆ. ಇಳಿಸಿಕೊಂಡ ಮೇಲೆ, ಮುಂದಿನ ಧ್ವನಿಮುದ್ರಣಕ್ಕೆ ಜಾಗ ಬೇಕೆಂದು, ರಿಕಾರ್ಡರಿನ ಕಾರ್ಡನ್ನು ಅಳಿಸಿದೆ. ಪ್ರತಿ ಮಾಡಿಕೊಂಡು ಮೂಲವನ್ನು ನಾಶಮಾಡಿದೆ ಎಂದು ಬೇರೊಬ್ಬ ಸಂಶೋಧಕ ಬರೆದಿದ್ದರೆ, ನಾನು ಅವನ ಹೆಸರಿನ ಮುಂದೆ ಏನು ಟಿಪ್ಪಣಿ ಹಾಕುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು.

ಫೆಬ್ರವರಿಯಲ್ಲಿ ಮುದುಕಿ ತೀರಿಕೊಂಡಳು. ಮಗಳು ತಾಯಿಯ ಧ್ವನಿ ಬೇಕೆಂದು ಕೇಳಿದಳು. ಪಾಳಿಗಳ ಪ್ರಕಾರ ವಿಂಗಡಿಸಿ, ಟಿಪ್ಪಣಿ ಸೇರಿಸಿ ಕೊಡುತ್ತೇನೆ ಎಂದೆ. ಅವಳು ಕೇಳಿದ್ದು ಟಿಪ್ಪಣಿಯನ್ನಲ್ಲ. ಆದರೂ ಎರಡು ತಿಂಗಳು ಕಾಯ್ದಳು. ಅದೇ ಹೊತ್ತಿನಲ್ಲಿ ಅವಳ ಶಾಲೆಗೆ ಕಂಪ್ಯೂಟರ್ ಕೋಣೆಯೊಂದನ್ನು ಮಾಡುವುದಿತ್ತು. ಸಿದ್ಧ ಯಂತ್ರಗಳಿಗಿಂತ ಗಟ್ಟಿ ಬಿಡಿಭಾಗಗಳಿಂದ ಜೋಡಿಸಿಕೊಳ್ಳುವುದು ಮೇಲೆಂದೂ, ಆ ಕೆಲಸವನ್ನು ಮೂಡಲಗಿಯವರಿಗೆ ಕೊಡಬೇಕೆಂದೂ ಹೇಳಿದವನು ನಾನೇ. ಅವಳು ಶಾಲೆಯ ಕಮಿಟಿಯನ್ನು ಒಪ್ಪಿಸಿದ್ದಳು. ಅವರು ಅಷ್ಟು ದೊಡ್ಡ ಕೆಲಸವನ್ನು ಅದುವರೆಗೆ ಮಾಡಿರಲಿಲ್ಲ. ಅದು ಸಿಕ್ಕರೆ ತಮ್ಮ ಹೆಸರು ಮೂಡಲಗಿಯ ಆಚೆಗೂ ಹೋಗುತ್ತದೆಂದು ನನ್ನೆದುರಿಗೆ ಒಮ್ಮೆ ನಾಚಿಕೊಳ್ಳುತ್ತ ಹೇಳಿದ್ದರು.

೨೦೨೩ರ ಏಪ್ರಿಲ್ ೨೬, ಬುಧವಾರ, ಮಧ್ಯಾಹ್ನ. ಗಾಳಿ ಎದ್ದು ಅಡ್ಡಮಳೆ ಹೊಡೆಯಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ, ಮೂರನೆಯ ಸಲ ಬರುವಾಗ ಬಲ್ಬು ಬೆಳ್ಳಗೆ ಉರಿದು ಸಿಡಿಯಿತು. ಮೇಜಿನ ಕೆಳಗಿನಿಂದ ಪಟ್ ಎಂಬ ಸಣ್ಣ ಸದ್ದು, ಹಿಂದೆಯೇ ಸುಟ್ಟ ವಾಸನೆ. ಇಂಥ ಹೊತ್ತಿನಲ್ಲಿ ಯಂತ್ರವನ್ನು ಕಾಯಬೇಕಾಗಿದ್ದ ಯುಪಿಎಸ್ಸಿನ ಬ್ಯಾಟರಿ ಯುಗಾದಿಯ ಹೊತ್ತಿಗೇ ಸತ್ತಿತ್ತು. ಬದಲಿಸೋಣ ಎನ್ನುತ್ತ ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಚ್ಚಿಕೊಂಡಿದ್ದೆ. ಹಾರ್ಡ್ ಡಿಸ್ಕನ್ನು ಮರುದಿನವೇ ಬೆಳಗಾವಿಗೆ, ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವ ಅಂಗಡಿಗೆ, ಒಯ್ದೆ. ಅಲ್ಲಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, ತಲೆ ಅಲ್ಲಾಡಿಸಿ, ಕೈಗೆ ಕೊಟ್ಟರು. ಉಳಿದವರ ಧ್ವನಿಗಳು ಹಳೆಯ ಲ್ಯಾಪ್‌ಟಾಪಿನಲ್ಲಿದ್ದವು. ಬೆಲ್ಲದ ಬಾಗೇವಾಡಿಯ ಮೂರು ಮಂಗಳವಾರಗಳು ಎಲ್ಲಿಯೂ ಇರಲಿಲ್ಲ.

ಏಪ್ರಿಲ್ ೩೦ರ ಭಾನುವಾರ ಮಗಳು ಗೋಕಾಕಕ್ಕೆ ಬಂದಳು. ಸುದ್ದಿಯನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಾಗಿರಲಿಲ್ಲ. ಅವಳು ಒಂದು ಹೊಸ ಪೆನ್‌ಡ್ರೈವ್ ಹಿಡಿದುಕೊಂಡೇ ಬಂದಿದ್ದಳು.

“ಹೋತವ್ವಾ,” ಎಂದೆ.

“ಏನ್ ಹೋತ್ರಿ?”

“ಅವ್ವನ ಧ್ವನಿ. ಕಂಪ್ಯೂಟರ್ ಸುಟ್ಟು ಹೋತು. ಡಿಸ್ಕೂ ಹೋತು.”

ಅವಳು ಪೆನ್‌ಡ್ರೈವನ್ನು ಪರ್ಸಿನಲ್ಲಿ ಹಾಕಿ, ಜಿಪ್ ಎಳೆದು, ಆ ಜಿಪ್ಪಿನ ಮೇಲೆಯೇ ಕೈಯಿಟ್ಟುಕೊಂಡು ಕುಳಿತಳು. “ಒಂದೂ ಉಳಿಲಿಲ್ಲೇನ್ರಿ? ಅವ್ವ ಬೈದದ್ದಾದ್ರೂ?”

“ಇಲ್ಲ.”

“ಯಾಕ ಸುಟ್ಟಿತ್ರಿ ಕಾಕಾ? ಹೊಸಾದಿತ್ತಲ್ಲ?”

ನನ್ನ ಹತ್ತಿರ ಮೂರು ನಿಜವಾದ ಉತ್ತರಗಳಿದ್ದವು. ಆ ಡಬ್ಬಿಯನ್ನು ನಾನೇ ಆರಿಸಿದ್ದೆ. ಯುಪಿಎಸ್ಸನ್ನು ನಾನೇ ಕಡೆಗಣಿಸಿದ್ದೆ. ಮೂಲವನ್ನು ನಾನೇ ಅಳಿಸಿದ್ದೆ. ನನ್ನ ಬಾಯಿಂದ ಬಂದದ್ದು ಬೇರೆ. “ಮೂಡಲಗಿಯಾಂವ ಹಗುರ ಸಾಮಾನ ಹಾಕಿದ್ದ.”

ಹಗುರ ಎಂಬ ಪದವನ್ನು ನನಗೆ ಕಲಿಸಿದವರು ಅವರು. ಅವರ ಅಂಗಡಿಯಲ್ಲಿ, ಅವರ ಕೈಯಿಂದ ಕಲಿತದ್ದನ್ನು ಅವರ ಮೇಲೆಯೇ ಹೊರಿಸಿದೆ.

ಅವಳು ತಲೆಯೆತ್ತಿದಳು. “ನೀವ ಅಂದಿದ್ರಲ್ರಿ ಅವರು ಚಲೋ ಅಂತ. ಸಾಲಿ ಕೆಲಸ ಅವರಿಗೇ ಕೊಡಾಕತ್ತೇವಿ.”

“ಅದನ್ನ ಇನ್ನೊಮ್ಮೆ ವಿಚಾರ ಮಾಡವ್ವಾ,” ಎಂದೆ. ಕೇಳದಿದ್ದರೂ ಕೊಟ್ಟ ಸಲಹೆ.

ಮೇ ೧೫ರ ಸೋಮವಾರ, ಸುಟ್ಟ ಯಂತ್ರವನ್ನು ತೆಗೆದುಕೊಂಡು ಮೂಡಲಗಿಗೆ ಹೋದೆ. ಅವರಿಗೆ ಏನೂ ತಿಳಿದಿರಲಾರದು ಎಂದುಕೊಂಡಿದ್ದೆ. ಎಂದಿನಂತೆ “ಬರ್ರಿ ಸರ, ಕೂಡ್ರಿ” ಎಂದು ಖುರ್ಚಿ ಒರೆಸಿದರು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ಕರಿದಾದ ಡಬ್ಬಿಯನ್ನು ಹೊರಕ್ಕೆಳೆದು, ಈ ಸಲ ಬಿಚ್ಚಿ ನನ್ನ ಮುಂದಿಟ್ಟರು. ಒಳಗೆ ಬಹಳಷ್ಟು ಖಾಲಿ ಜಾಗವಿತ್ತು.

“ಚಲೋದು ಇದ್ರ ತಾ ಸತ್ತು ಉಳಿದದ್ದನ್ನ ಉಳಸ್ತೈತ್ರಿ. ಇದು ಎಲ್ಲಾರನ್ನೂ ಕರ್ಕೊಂಡು ಹೋಗೇತಿ.” ಅಂಗೈಯಿಂದ ಮಸಿ ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದರು: “ಸರ, ಹುಕ್ಕೇರಿ ಸಾಲಿ ಅಕ್ಕಾರು ಫೋನ್ ಮಾಡಿದ್ರು. ಹಗುರ ಸಾಮಾನ ಹಾಕ್ತೀರಂತಲ್ಲ ಅಂದ್ರು. ಕಮಿಟಿಯವರು ಕೆಲಸ ತಡದಾರಂತ.”

ನಾನು ಬಿಚ್ಚಿಟ್ಟ ಡಬ್ಬಿಯನ್ನೇ ನೋಡಿದೆ.

“ಆ ಮಾತು ನಂದಲ್ರಿ? ನಾ ನಿಮಗ ಹೇಳಿದ್ದು?”

“ಹೌದು.”

“ಅಕ್ಕಾರಿಗೆ ನಾ ಏನೂ ಅನ್ಲಿಲ್ಲ. ನಿಮ್ಮ ಹೆಸರು ಕೇಳಿ ಬಾಯಿ ಕಟ್ಟಿತು.”

ಕೊಕ್ಕೆ ತಂತಿ ಅವರ ತಲೆಯ ಮೇಲೆಯೇ ತೂಗುತ್ತಿತ್ತು. ಹಳದಿಗೆ ತಿರುಗಿದ ಚೀಟಿಗಳ ನಡುವೆ ನನ್ನದು ಬೆಳ್ಳಗೆ ಕಾಣುತ್ತಿತ್ತು. “ಚೀಟಿ ತೋರಸ್ಬೇಕಿತ್ರಿ ನೀವು,” ಎಂದೆ. ಅಪರಾಧಿಯೇ ಸಾಕ್ಷ್ಯ ಒದಗಿಸುವ ಸಲಹೆ ಕೊಟ್ಟಂತಾಯಿತು.

“ತೋರಸಬೌದು. ಫೋಟೋ ಹೊಡದು ಕಳಿಸಿದ್ರ ಅರ್ಧಾ ಮಿನೀಟಿನ ಕೆಲಸ. ಆದ್ರ ಸರ, ಮೋಟಾರಿನ ಚೀಟಿ ಇದುತನಕ ಒಂದೂ ಹೊರಗ ತಗದಿಲ್ಲ. ಸುಟ್ಟ ಮ್ಯಾಲೆ ಗಿರಾಕಿ ತಾನ ಬಂದು, ‘ಅಣ್ಣಾ, ನಂದ ತಪ್ಪಾತು’ ಅಂತಾನ, ನಾ ತಾಂಬ್ರ ಸುತ್ತಿ ಕೊಡ್ತೇನಿ. ನೀವ ಹೋಗಿ ಅಲ್ಲಿ ಒಂದ ಮಾತು ಹೇಳ್ರಿ. ಕೆಲಸ ಬರ್ಲಿ, ಬಿಡ್ಲಿ. ಹೆಸರಷ್ಟ ಉಳೀಲಿ.”

ಹೇಳುತ್ತೇನೆ ಎಂದೆ. ಬಿಸಿಲಿಗೆ ಬಂದಿದ್ದೀರಿ ಎಂದು ಅವರು ಮಜ್ಜಿಗೆ ತರಿಸಿದರು. ಹೊಸ ಡಬ್ಬಿಯನ್ನು ಅವರೇ ಆರಿಸಿದರು. ನಾನು ಅದನ್ನು ಎತ್ತಿಯೂ ನೋಡಲಿಲ್ಲ.

ಮುಂದಿನದನ್ನು, ಈ ಆಗಸ್ಟಿನವರೆಗೆ, ನಾನು ಹೀಗೆ ನೆನೆಯುತ್ತಿದ್ದೆ. ಆ ವಾರದಲ್ಲಿಯೇ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಕಮಿಟಿಯ ಸಭೆ ನಡೆದಿತ್ತು. ಆರೇಳು ಜನ, ಉದ್ದನೆಯ ಮೇಜು, ಮೇಲೆ ತಿರುಗುತ್ತಲೇ ಕಿರುಗುಟ್ಟುವ ಫ್ಯಾನು. ನಾನು ಒಯ್ದ ಕರದಂಟಿನ ಡಬ್ಬಿಯನ್ನು ಯಾರೋ ಒಡೆದು ಎಲ್ಲರಿಗೂ ಹಂಚಿದರು. ಒಬ್ಬ ಹಿರಿಯರು ಹಲ್ಲಿಗೆ ಅಂಟಿದ ಅಂಟನ್ನು ನಾಲಗೆಯಿಂದ ಬಿಡಿಸಿಕೊಳ್ಳುತ್ತ ನನ್ನ ಮಾತು ಕೇಳುತ್ತಿದ್ದರು. ನಾನು ಎದ್ದು ನಿಂತು, “ತಪ್ಪು ನನ್ನದು. ಆ ಭಾಗವನ್ನು ಅವರು ಬೇಡವೆಂದರು, ನಾನೇ ಹಟ ಹಿಡಿದು ಹಾಕಿಸಿದೆ,” ಎಂದೆ. ಮುಖ್ಯಾಧ್ಯಾಪಕಿ ಕಿಟಕಿಯ ಕಡೆ ನೋಡಿದಳು. ಆದರೆ ಕಮಿಟಿಯವರ ಮನಸ್ಸು ಆಗಲೇ ಬೇರೆ ಕಡೆ ತಿರುಗಿತ್ತು. ಕೆಲಸ ಬೇರೆಯವರ ಪಾಲಾಯಿತು. ಹೀಗೆ ನೆನೆದಾಗಲೆಲ್ಲ ನಾಚಿಕೆಯ ಜೊತೆಗೆ ಸಣ್ಣದೊಂದು ಸಮಾಧಾನವೂ ಇರುತ್ತಿತ್ತು. ತಪ್ಪು ಮಾಡಿದೆ, ಆದರೆ ಒಪ್ಪಿಕೊಂಡೆ. ಮೂಡಲಗಿಗೂ ಫೋನು ಮಾಡಿ “ಹೇಳಿ ಬಂದೇನ್ರಿ, ಅವರು ಕೇಳಲಿಲ್ಲ,” ಎಂದಿದ್ದೆ. “ಸಾಕ್ರಿ ಸರ. ನೀವು ಹೇಳಿದ್ರಲ್ಲ, ಅಷ್ಟ ಸಾಕು,” ಎಂದಿದ್ದರು ಅವರು. ನನ್ನ ಉಪಕಾರ ಸ್ಮರಿಸಿದ್ದರು.

ಈ ಬರಹವನ್ನು ಸಿದ್ಧಪಡಿಸುವಾಗ ಆ ಸಭೆಯ ತಾರೀಖು ನನ್ನ ದಿನಚರಿಯಲ್ಲಿ ಸಿಗಲಿಲ್ಲ. ಮೇ ತಿಂಗಳ ಪುಟಗಳಲ್ಲಿ ಹುಕ್ಕೇರಿಯ ಹೆಸರೇ ಇರಲಿಲ್ಲ. ಆದ್ದರಿಂದ ಈ ವರ್ಷ, ೨೦೨೫ರ ಆಗಸ್ಟ್ ೭, ಗುರುವಾರ, ಶಾಲೆಗೇ ಹೋಗಿ ಕಮಿಟಿಯ ಸಭೆಗಳ ನಡಾವಳಿ, ನಿರ್ಣಯಗಳನ್ನು ಬರೆದಿಡುವ ಠರಾವು ಪುಸ್ತಕವನ್ನು ನೋಡಬಹುದೇ ಎಂದು ಕೇಳಿದೆ. ಗುಮಾಸ್ತರು ಹಸಿರು ಬಟ್ಟೆಯ ರಟ್ಟಿನ ಪುಸ್ತಕ ತಂದು ಧೂಳು ಹೊಡೆದು ಕೊಟ್ಟರು. ಸಭೆ ನಡೆದದ್ದು ೨೦೨೩ರ ಜೂನ್ ೧೭, ಶನಿವಾರ. ಆ ವಾರದಲ್ಲಿಯೇ ಹೋದೆ ಎಂಬ ನೆನಪು ಅಲ್ಲಿಗೇ ಬಿದ್ದಿತು; ಮೂಡಲಗಿಯಲ್ಲಿ ಮಾತು ಕೊಟ್ಟು ಒಂದು ತಿಂಗಳ ಮೇಲೆ ಎರಡು ದಿನ ನಾನು ಮನೆಯಲ್ಲಿಯೇ ಇದ್ದೆ. ಆ ತಿಂಗಳಲ್ಲಿ ನಾನೇನು ಮಾಡುತ್ತಿದ್ದೆನೆಂದು ದಿನಚರಿ ಹೇಳುತ್ತದೆ: ಬಾವಿಗಳ ಸೂಚಿಯನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದೆ.

ತಾರೀಖನ್ನು ಬರೆದುಕೊಂಡು ಪುಸ್ತಕ ಮುಚ್ಚುವವನಿದ್ದೆ. ಅಭ್ಯಾಸಬಲದಿಂದ ಠರಾವನ್ನು ಪೂರ್ತಿ ಓದಿದೆ. ಓದಿ, ಗುಮಾಸ್ತರನ್ನು ಕರೆದೆ.

“ಇದನ್ನ ನೀವು ಬರದೀರೇನ್ರಿ?”

“ಹೌದ್ರಿ ಸರ.”

“ನಾ ಹಿಂಗ ಅಂದಿದ್ದಿಲ್ಲಲ್ಲ.”

ಅವರು ಗಾಬರಿಯಾದರು. “ಸರ, ನಾ ನನ್ನ ಪದರದ್ದು ಒಂದ ಅಕ್ಷರ ಹಾಕಿಲ್ರಿ. ನೀವು ಅಂದದ್ದನ್ನ ಅಂದಂಗ ಬರದೇನಿ. ಓದಿ ಹೇಳಿದ್ನಿ. ನೀವ ‘ಸರಿ ಐತಿ’ ಅಂದ್ರಿ, ಕೆಳಗ ಸಹಿ ಮಾಡೀರಿ, ನೋಡ್ರಿ.”

ಸಹಿ ನನ್ನದೇ. ಆದರೆ ಸಹಿಗಿಂತ ಬಲವಾದ ಸಾಕ್ಷ್ಯ ಭಾಷೆಯೊಳಗೇ ಇತ್ತು. ಶಾಲೆಯ ಗುಮಾಸ್ತರು ಯಾರೂ ಅಂಥ ಪದಗಳನ್ನು ತಾವಾಗಿ ಬಳಸಲಾರರು. ಒಂದು ಬರಹದ ಕರ್ತೃ ಯಾರೆಂದು ಶೈಲಿಯಿಂದ ನಿರ್ಣಯಿಸುವುದನ್ನು ಜೀವನವಿಡೀ ಮಾಡಿದವನು ನಾನು. ಈ ವಾಕ್ಯದ ಕರ್ತೃವನ್ನು ಗುರುತಿಸಲು ನನಗೆ ಎರಡನೆಯ ಆಧಾರ ಬೇಕಾಗಲಿಲ್ಲ.

ಆದರೂ ಎರಡನೆಯ ಆಧಾರ ಪಕ್ಕದ ಕೋಣೆಯಲ್ಲಿಯೇ ಇತ್ತು. ಮುಖ್ಯಾಧ್ಯಾಪಕಿಯನ್ನು ಕೇಳಿದೆ. “ಅವತ್ತು ನಾ ತಪ್ಪು ನಂದು ಅನ್ಲಿಲ್ಲೇನವ್ವಾ?”

ಅವಳು ಉತ್ತರಪತ್ರಿಕೆಗಳ ಮೇಲಿನಿಂದ ಕೈ ತೆಗೆದಳು. “ಇಲ್ರಿ ಕಾಕಾ. ನೀವು ಬಂದ್ರಿ, ಕರದಂಟು ಕೊಟ್ರಿ, ಬಾಳ ಹೊತ್ತು ವಿವರಾ ಮಾಡಿ ಮಾತಾಡಿದ್ರಿ. ಕರೆಂಟಿನ ಬಗ್ಗೆ ಎಲ್ಲಾ ಹೇಳಿದ್ರಿ. ಇನ್ನೇನರ ಅಂತೀರೇನಂತ ನಾ ಕಾಯ್ಕೋತ ಕುಂತೆ.” ಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಹೇಳಿದಳು: “ಆಮ್ಯಾಲೆ ಕಣಗಲಾ ಕಡೆ ಸಾಲಿಯವರೂ ಮೂಡಲಗಿಯವರ ಬಗ್ಗೆ ನಮ್ಮನ್ನ ಕೇಳಿದ್ರು. ನೀವು ಹೇಳಿದ್ದನ್ನ ಹೇಳಿ ಕಳಿಸಿದ್ವಿ. ಖರೆ ಬ್ಯಾರೆ ಇತ್ತೇನ್ರಿ?”

“ಬೇರೆ ಇತ್ತು,” ಎಂದೆ. ಎರಡು ವರ್ಷ ಎರಡು ತಿಂಗಳು ತಡವಾಗಿ, ಅವಳೊಬ್ಬಳ ಎದುರು, ಆ ಸೋಮವಾರ ಮೂಡಲಗಿಯಲ್ಲಿ ಹೇಳುತ್ತೇನೆಂದು ಒಪ್ಪಿಕೊಂಡಿದ್ದ ಮಾತನ್ನು ಹೇಳಿದೆ: ಅವರು ಬೇಡವೆಂದದ್ದು, ನಾನು ಬದನೆಕಾಯಿಯ ಮಾತಾಡಿದ್ದು, ಚೀಟಿ ಬರೆದದ್ದು. ರಿಕಾರ್ಡರಿನ ಕಾರ್ಡು ಅಳಿಸಿದ್ದನ್ನೂ, ಅವಳು ಕೇಳುವವರೆಗೆ ಕಾಯದೆ, ಹೇಳಿದೆ. ತಾಯಿಯ ಧ್ವನಿ ಹೋದದ್ದಕ್ಕೆ ಮೂಲ ಕಾರಣ ಅದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಅವಳು ಬೈಯಲಿಲ್ಲ. “ಠರಾವು ತಿದ್ದಾಕ ಬರೂದಿಲ್ರಿ,” ಎಂದಳು. “ಹೊಸಾದು ಬರೀಬೇಕಾಕ್ಕೈತಿ. ಮುಂದಿನ ಸಭೆಗೆ ಬರ್ರಿ. ಮೂಡಲಗಿಯವರನ್ನೂ ಕರಸ್ತೇನಿ, ಅವರ ಎದುರಿಗೆ ಹೇಳ್ರಿ.” ಬರುತ್ತೇನೆ ಎಂದೆ. ನನ್ನ ಮಾತಿನ ಮೇಲೆ ಅವಳಿಗೆ ಇನ್ನು ನಂಬಿಕೆಯಿಲ್ಲ ಎಂಬುದು, ಅವಳು ಆ ತಾರೀಖನ್ನು ತನ್ನ ಕೈಯಿಂದಲೇ ಒಂದು ಕಾಗದದ ಮೇಲೆ ಬರೆದು ನನ್ನ ಜೇಬಿಗೆ ಹಾಕಿದಾಗ ತಿಳಿಯಿತು.

ಆ ಸಭೆ ಇನ್ನೂ ಆಗಿಲ್ಲ. ಅದಕ್ಕೆ ಮೊದಲು ಮೂಡಲಗಿಯವರು ಇದನ್ನು ಓದಬೇಕೆಂದು, ಜೂನ್ ೧೭ರ ಠರಾವಿನ ಸಂಬಂಧಪಟ್ಟ ಭಾಗವನ್ನು ಪುಸ್ತಕದಲ್ಲಿ ಇದ್ದ ಹಾಗೆಯೇ ಇಲ್ಲಿ ಇಳಿಸುತ್ತಿದ್ದೇನೆ. ಇದು ಮೇಲೆ ನಾನು ಹೇಳಿದ ಸಭೆಯ ನೆನಪಿಗೆ ವಿರುದ್ಧವಾಗಿದೆ. ಫ್ಯಾನಿನ ಸದ್ದು, ಕರದಂಟು, ಕ್ರಮವಾಗಿ ನೆನಪಿರುವ ಉಳಿದೆಲ್ಲ ವಿವರಗಳು ಸರಿಯಿದ್ದರೂ, ನಾನು ಆಡಿದೆನೆಂದು ನೆನೆಯುತ್ತಿದ್ದ ವಾಕ್ಯ ಇದರಲ್ಲಿ ಇಲ್ಲ; ಇಲ್ಲಿರುವುದನ್ನೇ ಪ್ರಮಾಣವೆಂದು ತಿಳಿಯತಕ್ಕದ್ದು.

“ಗೋಕಾಕದ ಹಿರಿಯ ಸಂಶೋಧಕರು ಸಭೆಗೆ ಬಂದು, ತಮ್ಮ ಕಂಪ್ಯೂಟರಿನ ಬಿಡಿಭಾಗಗಳನ್ನು ತಾವೂ ಅಂಗಡಿಯವರೂ ಕೂಡಿಯೇ ಆರಿಸಿದ್ದೆಂದೂ, ಅದು ಸುಟ್ಟದ್ದಕ್ಕೆ ಹೊಣೆ ಯಾರದೆಂದು ಖಚಿತವಾಗಿ ನಿರ್ಣಯಿಸಲು ಲಭ್ಯ ಆಧಾರಗಳು ಸಾಲವೆಂದೂ ತಿಳಿಸಿದರು.”